ರೆಂಜೆ ಮರದಡಿಯ ಕಲ್ಲು

ನನ್ನ ಬಾಲ್ಯದ ದೋಸೆಯಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಎರ್ನಾಕುಳದ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ನಾವಿದ್ದ ಬಾಡಿಗೆ ಮನೆಯ ಅಡುಗೆಕೋಣೆಗೆ ತಾಗಿದಂತೆ ಹಿಂದುಗಡೆ ಒಂದು ಸಣ್ಣ ಜಗಲಿಯಿತ್ತು. ಅಲ್ಲಿ ಗೋಣಿಚೀಲ ಹಾಸಿಕೊಂಡು, ಹಳೆಯ ಟವೆಲೊಂದನ್ನು ಮೂಗಿಗೆ ಕಟ್ಟಿಕೊಂಡು ಅಮ್ಮ ಕಲ್ಲು ಕೆತ್ತುತ್ತಿದ್ದಳು. ಗಾಳಿ ಯಾವ ಕಡೆಯಿಂದ ಬೀಸಿದರೂ ಧೂಳು ಮಾತ್ರ ಅಡುಗೆಕೋಣೆಗೇ ಹೋಗುತ್ತಿತ್ತು. ಅಜ್ಜಿ ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಅಷ್ಟಾದರೂ ನಂಬಿಕೆ ಸಾಲದೆ ಮೊದಲ ದೋಸೆಯನ್ನು ತಾನೇ ತಿಂದು ನೋಡಿ, "ಇವತ್ತು ಅಡ್ಡಿಯಿಲ್ಲ, ಹಲ್ಲಿಗೆ ಸಿಗುವುದಿಲ್ಲ" ಎಂದು ಅಪ್ಪಣೆ ಕೊಟ್ಟ ಮೇಲೆಯೇ ನಮಗೆ ಬಡಿಸುತ್ತಿದ್ದಳು. ಅಪ್ಪನದು ಬೇರೆ ತಕರಾರು. ಆಫೀಸಿಗೆ ಹಾಕಿಕೊಂಡು ಹೋಗುವ ಪ್ಯಾಂಟಿನ ಮೇಲೆ ಧೂಳು ಕೂತಿದ್ದರೆ ಆತ ಹಿತ್ತಲಿಗೆ ಬಂದು ನಿಂತು, "ಅಲ್ಲಿ ಎಲ್ಲರೂ ಕೇಳ್ತಾರೆ ಮಾರಾಯ್ತಿ, ನಿಮ್ಮ ಮನೆ ಕಟ್ಟಿ ಇನ್ನೂ ಮುಗಿಯಲಿಲ್ವಾ ಅಂತ" ಎನ್ನುತ್ತಿದ್ದ. ಅಮ್ಮ ತಲೆ ಎತ್ತದೆ ಪ್ಯಾಂಟು ಕೊಡವುವ ಬ್ರಶ್ಶು ಎಲ್ಲಿದೆಯೆಂದು ಹೇಳುತ್ತಿದ್ದಳು.

ಅಪ್ಪನಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ನಮ್ಮದು ಕಾಸರಗೋಡು. ಎರ್ನಾಕುಳಕ್ಕೆ ವರ್ಗವಾಗಿ ನಾವು ಬಂದಾಗ ಅಜ್ಜ ಅಲ್ಲೇ ಊರಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಪ್ಪ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಅಜ್ಜಿ ರೈಲಿನಲ್ಲಿ ಬಂದದ್ದು ಒಂದು ಟ್ರಂಕು ಮತ್ತು ತನ್ನ ಅರೆಯುವ ಕಲ್ಲಿನೊಂದಿಗೆ. ಬಟ್ಟೆ ಕಡಿಮೆಯಾದರೂ ಚಿಂತೆಯಿಲ್ಲ, ಬೇರೆಯವರ ಕಲ್ಲಿನಲ್ಲಿ ಚಟ್ನಿ ಅರೆಯಲಾರೆ ಎನ್ನುವ ಜಾತಿ ಅವಳದು. ಪಕ್ಕದಲ್ಲೇ, ಅದೇ ಹಿತ್ತಲಿನ ಇನ್ನೊಂದು ಮನೆಯಲ್ಲಿ, ನಮ್ಮ ಮನೆಯೊಡತಿ ಅಮ್ಮಿಣಿ ಚೇಚ್ಚಿ ಇದ್ದಳು. ಚೇಚ್ಚಿ ಅಂದರೆ ಮಲಯಾಳದಲ್ಲಿ ಅಕ್ಕ. ಬಾವಿಕಟ್ಟೆಯ ಹತ್ತಿರ ಇಬ್ಬರದೂ ದಿನಾ ಮಾತುಕತೆ. ಚೇಚ್ಚಿ ಮಲಯಾಳದಲ್ಲಿ ಹೇಳುವುದು, ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುವುದು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವಳಿಗೆ ಮಲಯಾಳ ಬಾರದೆ ಇರುತ್ತದೆಯೇ? ಚೆನ್ನಾಗಿಯೇ ಬರುತ್ತಿತ್ತು. ಆಡುತ್ತಿರಲಿಲ್ಲ, ಅಷ್ಟೇ. ನಾನಂತೂ ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಕೇಳಿದರೂ ಮಲಯಾಳದಲ್ಲೇ ಉತ್ತರಿಸುತ್ತಿದ್ದೆ. "ಈ ಮನೆಯಲ್ಲಿ ಯಾರಿಗೂ ಯಾರ ಭಾಷೆಯ ಹಂಗೂ ಇಲ್ಲ" ಎಂದು ಅಪ್ಪ ನಗುತ್ತಿದ್ದ.

ಅಮ್ಮನ ಕೈಗೆ ಉಳಿ ಬಂದದ್ದೇ ಆ ಅರೆಯುವ ಕಲ್ಲಿನಿಂದ. ಅರೆದು ಅರೆದು ಅದರ ಮೈ ನುಣುಪಾಗಿ ತೆಂಗಿನಕಾಯಿ ಜಾರತೊಡಗಿತು. ಊರಿನಲ್ಲಾಗಿದ್ದರೆ ಕಲ್ಲು ಕುಟ್ಟುವವರು ಬಾಗಿಲಿಗೇ ಬಂದು, ಮೈತುಂಬ ಚುಕ್ಕೆ ಹೊಡೆದು ತರಿ ಮಾಡಿಕೊಟ್ಟು ಹೋಗುತ್ತಿದ್ದರು. ಮಿಕ್ಸಿ ಬಂದ ಕಾಲದ ತ್ರಿಪ್ಪುಣಿತ್ತುರದಲ್ಲಿ ಯಾರು ಬರುತ್ತಾರೆ? ಅಜ್ಜಿ ದಿನಾ ಗೊಣಗುವುದನ್ನು ಕೇಳಿ ಸಾಕಾಗಿ ಅಮ್ಮ ಒಂದು ಭಾನುವಾರ ಹಾರ್ಡ್‌ವೇರ್ ಅಂಗಡಿಯಿಂದ ಉಳಿ, ಸುತ್ತಿಗೆ ತಂದು ತಾನೇ ಕೂತಳು. ಅವಳು ಹತ್ತಿರದ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಿದ್ದವಳು, ಕೈಯಲ್ಲಿ ಹಿಡಿತವಿತ್ತು. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ತುಂಬ ಸಾಲು ಹಿಡಿದ ಚುಕ್ಕೆಗಳು. ಅಜ್ಜಿ ಅಂಗೈ ಆಡಿಸಿ ನೋಡಿದಳು. ಹೊಗಳುವುದು ಅವಳ ಅಭ್ಯಾಸದಲ್ಲಿ ಇರಲಿಲ್ಲ. ಆ ದಿನ ಮಾತ್ರ ಚಟ್ನಿ ಬಡಿಸುವಾಗ ಅಮ್ಮನ ಎಲೆಗೆ ಮೊದಲು ಬಡಿಸಿದಳು. ಉಳಿ ಮತ್ತೆ ಅಂಗಡಿಯ ಚೀಲಕ್ಕೆ ಹೋಗಲೇ ಇಲ್ಲ.

ಮುಂದಿನದು ಒಂದು ಮದುವೆಯ ಪ್ರಯಾಣದಲ್ಲಿ ನಡೆಯಿತು. ತ್ರಿಶೂರಿನ ಕಡೆ ಅಪ್ಪನ ಸಹೋದ್ಯೋಗಿಯ ಮಗಳ ಮದುವೆ. ಊಟ ಮುಗಿಸಿ ಬರುವಾಗ ಯಾರೋ ಹೇಳಿದರೆಂದು ದಾರಿ ಬಿಟ್ಟು ಒಂದು ಬಯಲಿಗೆ ಹೋದೆವು. ಅಲ್ಲಿ ಹುಲ್ಲಿನ ನಡುವೆ ಕೊಡೆಕಲ್ಲುಗಳಿದ್ದವು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ನಾಲ್ಕು ತುಂಡುಗಳು ಒಂದಕ್ಕೊಂದು ಒರಗಿ ನಿಂತು, ಅವುಗಳ ತಲೆಯ ಮೇಲೆ ದುಂಡಗಿನ ದೊಡ್ಡ ಕಲ್ಲು ಕೊಡೆಯಂತೆ ಕೂತಿತ್ತು. ಅಲ್ಲಲ್ಲಿ ಕೆಲವಕ್ಕೆ ಕಾಲೂ ಇಲ್ಲ, ಬರೀ ಟೊಪ್ಪಿ ನೆಲದ ಮೇಲೆ ಇಟ್ಟ ಹಾಗೆ. ಸಾವಿರಾರು ವರ್ಷಗಳ ಹಿಂದಿನವರು ತಮ್ಮಲ್ಲಿ ಸತ್ತವರ ಮೇಲೆ ನಿಲ್ಲಿಸಿದ್ದು ಎಂದು ಬೋರ್ಡಿನಲ್ಲಿ ಬರೆದಿತ್ತು. ಅಜ್ಜಿ ಬೇಲಿಯ ಒಳಗೆ ಕಾಲಿಡಲಿಲ್ಲ. ಅಪ್ಪ ಗಡಿಯಾರ ನೋಡುತ್ತಿದ್ದ. ಅಮ್ಮ ಮಾತ್ರ ಒಂದು ಕೊಡೆಕಲ್ಲಿಗೆ ಅಂಗೈ ಒತ್ತಿಕೊಂಡು ನಿಂತವಳು ಕದಲಲೇ ಇಲ್ಲ. ಮದುವೆಯ ಜರಿಸೀರೆ, ಮುಡಿಯಲ್ಲಿ ಬಾಡಿದ ಮಲ್ಲಿಗೆ, ಕಣ್ಣಿನಲ್ಲಿ ನೀರು. ಅವಳು ಯಾಕೆ ಅಳುತ್ತಿದ್ದಾಳೆಂದು ನನಗೆ ಹೆದರಿಕೆಯಾಯಿತು. ಬಸ್ಸಿನಲ್ಲಿ ಕೇಳಿದಾಗ ಅವಳು ಹೇಳಿದಳು:

"ಇವರು ಎಲ್ಲೆಲ್ಲಿಂದಲೋ ನಡೆದುಕೊಂಡು ಬಂದವರು ಮಗಾ. ಹೆಸರು ಬರೆದಿಡಲಿಕ್ಕೆ ಅಕ್ಷರ ಇರಲಿಲ್ಲ. ಆದರೂ ನಮ್ಮವರೊಬ್ಬರು ಇಲ್ಲಿಯವರೆಗೆ ಬಂದಿದ್ದರು ಅಂತ ಹೇಳಬೇಕಿತ್ತಲ್ಲ, ಅದಕ್ಕೆ ಇಷ್ಟು ಭಾರ ಎತ್ತಿದ್ದು."

ಅದಾದ ಮೇಲೆ ನಮ್ಮ ಮನೆಯಲ್ಲಿ ಕಲ್ಲುಗಳು ಹುಟ್ಟತೊಡಗಿದವು. ಅಮ್ಮ ಆ ಹಳೆಯ ಕಲ್ಲುಗಳ ರೂಪಗಳನ್ನೇ ತೆಗೆದುಕೊಂಡು ನಮ್ಮ ಮನೆಯವರ ಪ್ರಯಾಣಗಳನ್ನು ಕೆತ್ತುತ್ತಿದ್ದಳು. ಅಪ್ಪನಿಗೆ ಒಂದು ಮುರಕಲ್ಲಿನ ಕೊಡೆ: ಅದರ ನಾಲ್ಕು ಕಾಲುಗಳಲ್ಲಿ ಒಂದು ನೆಲಕ್ಕೆ ತಾಗುತ್ತಿರಲಿಲ್ಲ, ಯಾಕೆಂದರೆ ವರ್ಗಾವಣೆಯ ಮನುಷ್ಯ ಯಾವಾಗಲೂ ಹೊರಡುವವನೇ. ಅಪ್ಪ ಇದನ್ನು ಕೇಳಿ ಖುಷಿಪಟ್ಟು ಬಂದವರಿಗೆಲ್ಲ ಆ ಕಾಲನ್ನು ತೋರಿಸುತ್ತಿದ್ದ. ನನಗೆ ಒಂದು ಚಪ್ಪಡಿ, ನಡುವೆ ಉರುಟಾದ ತೂತು. ಅಂಥ ತೂತಿನ ಗೋರಿಗಳೂ ಇವೆಯಂತೆ, ಲೈಬ್ರರಿಯ ಪುಸ್ತಕದಲ್ಲಿ ನೋಡಿದ್ದಳು. "ನಾನು ಈ ಕಡೆಯಿಂದ ಕನ್ನಡದಲ್ಲಿ ಕೇಳುವುದು, ನೀನು ಆ ಕಡೆಯಿಂದ ಮಲಯಾಳದಲ್ಲಿ ಹೇಳುವುದು" ಎಂದಳು. ಕೆಣಕುತ್ತಿದ್ದಾಳೆಂದು ನನಗೆ ಸಿಟ್ಟು ಬಂತು. ಆದರೂ ತೂತಿನೊಳಗೆ ಕೈ ಹಾಕಿ ಆಚೆಯಿಂದ ಅವಳ ಬೆರಳು ಹಿಡಿಯುವ ಆಟ ನನಗೆ ಬೇಗನೆ ರುಚಿಸಿತು. ಒಂದು ಬಾಡಿಗೆ ಮನೆಯ ಹಿಂದಿನ ಜಗಲಿಯಲ್ಲಿ, ಸಾರಿಗೆ ಒಗ್ಗರಣೆ ಹಾಕಿ ಬಂದು, ಅಕ್ಕಿ ಬೇಯುವ ಹೊತ್ತಿನಲ್ಲಿ ಇಂಥ ಕೆಲಸ ಮಾಡುತ್ತಿದ್ದ ಹೆಂಗಸು ನನ್ನ ತಾಯಿ ಎಂಬುದು ಇವತ್ತಿಗೂ ನನ್ನ ಹೆಮ್ಮೆ. ಆಗ ಎಲ್ಲ ಅಮ್ಮಂದಿರೂ ಹೀಗೇ ಏನೋ ಒಂದು ಮಾಡುತ್ತಾರೆ ಎಂದುಕೊಂಡಿದ್ದೆ.

ಅಜ್ಜಿಗೆ ಇದು ಸರಿಬರಲಿಲ್ಲ. ಮೊದಲ ಕೊಡೆಕಲ್ಲನ್ನು ಅಮ್ಮ ಒರೆಸಿ ತಂದು ಟಿವಿಯ ಪಕ್ಕದಲ್ಲಿ ಇಟ್ಟ ದಿನವೇ ಜಟಾಪಟಿಯಾಯಿತು.

"ಎಂತದು ಸುಮತಿ ಇದು?"

"ಕೊಡೆಕಲ್ಲು ಅತ್ತೆ. ಮದುವೆಗೆ ಹೋದಾಗ ನೋಡಿದ್ದೆವಲ್ಲ, ಅದರ ಹಾಗೆ."

"ಅದು ಸತ್ತವರ ಕಲ್ಲಲ್ವಾ? ಸಂಜೆ ದೀಪ ಹಚ್ಚುವ ಮನೆ ಇದು. ಬದುಕಿರುವವರ ಹೆಸರು ಹೇಳಿಕೊಂಡು ಇಂಥದ್ದನ್ನೆಲ್ಲ ಮಾಡ್ಲಿಕ್ಕುಂಟಾ? ನನ್ನ ಮಗನ ಹೆಸರಲ್ಲಿ ಮಾಡಿದ್ದು ಮಾಡಿಯಾಯಿತು. ಒಳಗೆ ಮಾತ್ರ ಬೇಡ. ಹೊರಗೆ ಎಲ್ಲಿ ಬೇಕಾದರೂ ಇಟ್ಟುಕೋ."

ಕಲ್ಲುಗಳೆಲ್ಲ ಹಿತ್ತಲಿಗೆ ಹೋದವು. ಅಲ್ಲಿ ಬಾವಿಯ ಆಚೆ ಒಂದು ಹಳೆಯ ರೆಂಜೆ ಮರ, ಅಂದರೆ ಬಕುಳದ ಮರ, ಇತ್ತು. ಬೆಳಗ್ಗೆ ಅದರಡಿಯಲ್ಲಿ ನಕ್ಷತ್ರದಂಥ ಸಣ್ಣ ಹೂವುಗಳು ಉದುರಿ ಬಿದ್ದಿರುತ್ತಿದ್ದವು. ಅಜ್ಜಿ ಆರಿಸಿ ದಾರದಲ್ಲಿ ಪೋಣಿಸುತ್ತಿದ್ದಳು. ಊರಿನಲ್ಲಿ ಅವಳ ಮನೆಯ ಹಿಂದೆ ನಾಗಬನವಿತ್ತು. ಅಲ್ಲಿಯ ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆಯುವುದು ಮದುವೆಯಾಗಿ ಬಂದಂದಿನಿಂದ ಅವಳ ಕೆಲಸ. ಮನೆ ಬಿಟ್ಟು ಬರುವಾಗ ಆ ಬನವನ್ನು ದಾಯಾದಿಗಳಿಗೆ ಒಪ್ಪಿಸಿ ಬಂದಿದ್ದಳು. ತ್ರಿಪ್ಪುಣಿತ್ತುರದಲ್ಲಿ ದೇವಸ್ಥಾನಗಳಿಗೆ ಬರವೇನೂ ಇಲ್ಲ, ಅಪ್ಪ ಎಲ್ಲ ಕಡೆಗೂ ಕರೆದುಕೊಂಡು ಹೋದ. ಆಕೆ ಎಲ್ಲ ಕಡೆಯೂ ಕೈಮುಗಿದು ಬಂದು, "ಚೆನ್ನಾಗುಂಟು, ಆದರೆ ಇಲ್ಲಿಯವರಿಗೆ ನನ್ನ ಪರಿಚಯ ಇಲ್ಲ" ಎನ್ನುತ್ತಿದ್ದಳು. ದೇವರುಗಳಿಗೆ ತನ್ನ ಪರಿಚಯ ಇಲ್ಲ ಎಂದು ಅವಳ ದುಃಖ.

ಅಮ್ಮ ಅಜ್ಜಿಯ ಪ್ರಯಾಣವನ್ನೂ ಕೆತ್ತಿದಳು. ಯಾರಿಗೂ ಹೇಳದೆ ಕೆತ್ತಿದಳು, ಯಾಕೆಂದರೆ ಹೇಳುವ ಹಾಗಿರಲಿಲ್ಲ. ನನಗೆ ಗೊತ್ತಾದದ್ದು ನಾನು ಶಾಲೆಯಿಂದ ಬಂದು ಜಗಲಿಯಲ್ಲೇ ಕೂರುತ್ತಿದ್ದುದರಿಂದ. ಯಾರೋ ಮನೆ ಕಟ್ಟಿ ಬಿಟ್ಟುಹೋದ ಕಗ್ಗಲ್ಲಿನ ಚಪ್ಪಡಿ ಅದು, ನನ್ನ ಮೊಣಕಾಲಿನಷ್ಟು ಎತ್ತರ. ಅರೆಯುವ ಕಲ್ಲಿಗೆ ಹೊಡೆಯುವ ಹಾಗೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಅಮ್ಮ ಒಂದು ಗೆರೆ ಎಳೆದಿದ್ದಳು. ಅಂಚಿನಲ್ಲಿ ಹೊರಟ ಗೆರೆ ಸುತ್ತುತ್ತ ಸುತ್ತುತ್ತ ಒಳಗೆ ಹೋಗುತ್ತಿತ್ತು: ಅಜ್ಜಿಯ ತವರು, ಹೊಳೆ, ಹೊಳೆಯಾಚೆಯ ಗಂಡನ ಮನೆ, ಕಾಸರಗೋಡು ಪೇಟೆ, ಅಜ್ಜ ಹೋದಲ್ಲಿ ಒಂದು ಆಳವಾದ ಗುಳಿ, ಅಲ್ಲಿಂದ ರೈಲಿನ ಉದ್ದನೆಯ ದಾರಿ. ನಡುವಿಗೆ ತಲುಪುವ ಸ್ವಲ್ಪ ಮೊದಲೇ ಗೆರೆ ನಿಂತುಬಿಡುತ್ತಿತ್ತು. ಮುಗಿದ ದಿನ ಅದನ್ನೂ ತೆಗೆದುಕೊಂಡು ಹೋಗಿ ರೆಂಜೆ ಮರದ ಬುಡಕ್ಕೆ ಒರಗಿಸಿದಳು. ಹೊರಗೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಲು ಹೇಳಿದವಳು ಅಜ್ಜಿಯೇ ತಾನೆ.

ಮರುದಿನ ಬೆಳಗ್ಗೆ ಅಜ್ಜಿ ಮಿಂದು ಹೂವು ಆರಿಸಲು ಹೋದಳು. ಮರದಡಿಯ ಕಲ್ಲು, ಕಲ್ಲಿನ ಮೇಲೆ ಸುರುಳಿ ಸುತ್ತಿದ ಗೆರೆ, ಗೆರೆಯ ಮೇಲೆ ಉದುರಿದ ಹೂವು. ಅಜ್ಜಿ ಒಳಗೆ ಬಂದು ಹಾಲು, ಅರಿಶಿನ ತೆಗೆದುಕೊಂಡು ಮತ್ತೆ ಹೋದಳು. ನಾನು ಹಲ್ಲುಜ್ಜುತ್ತ ನೋಡುತ್ತಿದ್ದೆ. ಕಲ್ಲಿನ ಮೇಲೆ ಹಾಲು ಎರೆದು, ಅರಿಶಿನ ಹಚ್ಚಿ, ನೆಲದ ಮೇಲೆ ಕೂತೇಬಿಟ್ಟಳು. ಎದ್ದಾಗ ಅವಳ ಮುಖದಲ್ಲಿ ಬಂದ ಕಳೆಯನ್ನು ನಾನು ಆ ಮೊದಲು ನೋಡಿರಲಿಲ್ಲ.

"ಸುಮತೀ," ಎಂದು ಕೂಗಿದಳು. "ಕೊನೆಗೂ ದೇವರನ್ನು ಮಾಡಿದಿಯಲ್ಲ! ನಾಗನನ್ನು ಮಾಡುತ್ತಾ ಇದ್ದೇನೆ ಅಂತ ಒಂದು ಮಾತು ಹೇಳುವುದಲ್ವಾ? ಮನೆಯ ಬನ ಬಿಟ್ಟು ಬಂದೆ ಅಂತ ಎಷ್ಟು ಸಂಕಟಪಟ್ಟಿದ್ದೆ ಗೊತ್ತುಂಟಾ?"

ಅಮ್ಮ ಅಡುಗೆಕೋಣೆಯ ಬಾಗಿಲಿನಲ್ಲಿ ಸೌಟು ಹಿಡಿದುಕೊಂಡು ನಿಂತಿದ್ದಳು. ಅವಳ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಜ್ಜಿಯ ಮುಖ ನೋಡಿ ಮತ್ತೆ ಮುಚ್ಚಿಕೊಂಡಿತು. ಒಳಗೆ ಬಂದು ನನಗೆ ಪಿಸುಗುಟ್ಟಿದಳು, "ಈಗ ಬೇಡ ಮಗಾ. ಬಂದಂದಿನಿಂದ ಇವತ್ತೇ ಅವರು ನಗಾಡಿದ್ದು."

ಹೀಗೆ ನಮ್ಮ ಹಿತ್ತಲಿಗೆ ನಾಗ ಬಂದ. ನಾಗನ ಬಗ್ಗೆ ಕಾಸರಗೋಡಿಗೂ ತ್ರಿಪ್ಪುಣಿತ್ತುರಕ್ಕೂ ಭಿನ್ನಾಭಿಪ್ರಾಯವೇ ಇಲ್ಲ. ಅಮ್ಮಿಣಿ ಚೇಚ್ಚಿ ಆ ವಾರವೇ ದೀಪ ತಂದಿಟ್ಟಳು. ತಿಂಗಳಿಗೊಮ್ಮೆ ಬರುವ ಆಶ್ಲೇಷಾ ನಕ್ಷತ್ರದ ದಿನ, ಅವಳ ಬಾಯಲ್ಲಿ ಆಯಿಲ್ಯಂ, ಇಬ್ಬರೂ ಸೇರಿ ಪೂಜೆ ಮಾಡತೊಡಗಿದರು. ಒಂದು ಮಧ್ಯಾಹ್ನ ಬಾವಿಯ ಬಳಿ ನಿಜವಾಗಿಯೂ ಒಂದು ಹಾವು ಸರಿದುಹೋಯಿತು. ನಾಗಪ್ಪನೇ ದರ್ಶನ ಕೊಟ್ಟನೆಂದು ಚೇಚ್ಚಿ ಕೈಮುಗಿದು ನಿಂತಳು. "ಅದು ಕೇರೆ ಹಾವು, ಇಲಿ ಹಿಡಿಯಲು ಬಂದದ್ದು" ಎಂದ ಅಪ್ಪನನ್ನು ಇಬ್ಬರೂ ಹೆಂಗಸರು ನೋಡಿದ ನೋಟಕ್ಕೆ ಆತ ಪೇಪರು ಎತ್ತಿಕೊಂಡು ಒಳಗೆ ಹೋದ. ಅಜ್ಜಿ ಗೊಣಗುವುದನ್ನು ಬಿಟ್ಟಳು. ಊಟ ಸರಿಯಾಗಿ ಮಾಡಿದಳು. ಹಿತ್ತಲಿನಲ್ಲಿ ತನ್ನ ಪರಿಚಯದವನೊಬ್ಬ ಇದ್ದಾನೆಂಬ ಧೈರ್ಯ ಅವಳಿಗೆ. ಅಮ್ಮ ಉಳಿ ಹಿಡಿದುಕೊಂಡು ದೂರದಿಂದ ನೋಡುತ್ತಿದ್ದಳು. ತನ್ನ ದಾರಿಗೆ ತಾನೇ ಹಾಲೆರೆಯುತ್ತಿದ್ದ ಅತ್ತೆಯನ್ನು ನೋಡಿ ಅವಳಿಗೆ ಏನೆನಿಸುತ್ತಿತ್ತೋ, ನನಗೆ ಹೇಳಲಿಲ್ಲ.

ಅಮ್ಮನ ಶಾಲೆಯಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಡ್ರಾಯಿಂಗ್ ಸಾರ್ ಒಬ್ಬರಿದ್ದರು. ಒಮ್ಮೆ ಚಹಕ್ಕೆ ಬಂದವರು ಹಿತ್ತಲಿನ ಕಲ್ಲುಗಳನ್ನು ನೋಡಿ ಚಹ ಮರೆತರು. ತಿರುವನಂತಪುರದಲ್ಲಿ ಅವರ ಕೆಲವು ಗೆಳೆಯರು ಸೇರಿ ಒಂದು ಪ್ರದರ್ಶನ ಮಾಡುವವರಿದ್ದರು, ಅದರಲ್ಲಿ ಅಮ್ಮನ ಕಲ್ಲುಗಳು ಇರಲೇಬೇಕೆಂದು ಹಟ ಹಿಡಿದರು. ಹೊರಡುವಾಗ ರೆಂಜೆ ಮರದ ಕಡೆ ಬೆರಳು ತೋರಿಸಿ, ಅದೊಂದು ಇಲ್ಲದಿದ್ದರೆ ಉಳಿದವನ್ನು ಕಳಿಸಬೇಡಿ, ಅದೇ ಇವುಗಳ ಜೀವ ಎಂದರು. ಅದೇ ಸುಮಾರಿಗೆ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವೂ ಆಯಿತು. ಎಲ್ಲ ಕೂಡಿಬಂದ ಹಾಗೆ ಕಾಣುತ್ತಿತ್ತು. ಕೂಡಿಬಾರದ್ದು ಒಂದೇ: ಅಜ್ಜಿಯ ಪಾಲಿಗೆ ಆ ಕಲ್ಲು ನಾಗ, ನಾಗನನ್ನು ಕೂತಲ್ಲಿಂದ ಎಬ್ಬಿಸುವ ಹಾಗಿಲ್ಲ.

"ಇನ್ನೊಮ್ಮೆ ಬಿಟ್ಟು ಹೋಗಬೇಕಲ್ಲ" ಎಂದು ಅಜ್ಜಿ ಹೂವು ಪೋಣಿಸುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಚೇಚ್ಚಿ ಅವಳಿಗೆ ಸಮಾಧಾನ ಹೇಳುತ್ತಿದ್ದಳು, ದೀಪ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಒಳಗೆ ಅಪ್ಪ ಅಮ್ಮನ ನಡುವೆ ಬೇರೆಯೇ ಮಾತು ನಡೆಯುತ್ತಿತ್ತು.

"ಅಂಥದ್ದೇ ಇನ್ನೊಂದು ಕೆತ್ತಿದರಾಯ್ತಪ್ಪ" ಎಂದ ಅಪ್ಪ. "ನಿನ್ನ ಕೈಯಲ್ಲೇ ಆದದ್ದಲ್ವಾ?"

"ನಿಮ್ಮ ಅಮ್ಮ ಎರಡೆರಡು ಸಲ ಊರು ಬಿಟ್ಟರಾ?"

"ಹಾಗಾದರೆ ಸುಮ್ಮನೆ ಲಾರಿಗೆ ಹಾಕುವಾ. ಆಮೇಲೆ ಹೇಳಿದರಾಯ್ತು."

"ಕದ್ದುಕೊಂಡು ಹೋಗುವುದಾ? ಅದು ಅವರದ್ದು. ಅವರಿಗೆ ಹೇಳದೆ ನಾನು ಮುಟ್ಟುವುದಿಲ್ಲ."

"ಹೇಳಿದರೆ ಏನಾಗ್ತದೆ ಅಂತ ಗೊತ್ತುಂಟಲ್ಲ? ಬದುಕಿರುವ ಅತ್ತೆಗೆ ಸಮಾಧಿಕಲ್ಲು ಮಾಡಿದ ಸೊಸೆ ಅಂತ ಊರೆಲ್ಲ ಆಗ್ತದೆ. ಅವರು ಮತ್ತೆ ನಿನ್ನ ಕೈಯಿಂದ ನೀರು ಕುಡಿಯುವುದೂ ಸಂಶಯ."

ಅಮ್ಮ ಕಿಟಕಿಯಿಂದ ರೆಂಜೆ ಮರದ ಕಡೆ ನೋಡಿ ಹೇಳಿದಳು.

"ನಾನು ಮಾಡಿದ್ದನ್ನು ಒಂದು ಸಲ ಯಾರಾದರೂ ನೋಡಬೇಕು ಅಂತ ನನಗೆ ಉಂಟು ನೋಡಿ. ಒಂದೇ ಸಲ ಸಾಕು. ಆದರೆ ಅವರ ನಗುವನ್ನು ಕಿತ್ತುಕೊಂಡು ನೋಡಿಸಿಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ. ಸುಳ್ಳು ಹೇಳಿಕೊಂಡು ಬಿಟ್ಟುಹೋಗಲಿಕ್ಕೂ ಆಗುವುದಿಲ್ಲ."

ಸಾಮಾನು ಕಟ್ಟುತ್ತಿದ್ದ ದಿನ ಬೆಳಗ್ಗೆ ಅವಳು ಹೇಳಿಯೇಬಿಟ್ಟಳು. ಅಜ್ಜಿ ಮರದಡಿಯಲ್ಲಿ ಹಾಲೆರೆದು ಮುಗಿಸಿದ್ದಳು. ಅಮ್ಮ ಹೋಗಿ ಪಕ್ಕದಲ್ಲಿ ಕೂತು, ಇದು ನಾಗ ಅಲ್ಲ ಅತ್ತೆ, ನೀವು ನಡೆದು ಬಂದ ದಾರಿ, ಆ ಕೊಡೆಕಲ್ಲಿನವರ ಹಾಗೆ ನಾನು ಕೆತ್ತಿದ್ದು ಎಂದಳು. ಸುತ್ತಿ ಬಳಸಿ ಹೇಳಲಿಲ್ಲ.

ಅಜ್ಜಿ ಖಾಲಿ ತಂಬಿಗೆ ಹಿಡಿದುಕೊಂಡು ಕಲ್ಲನ್ನೇ ನೋಡಿದಳು.

"ಹಾಗಾದರೆ ನಾನು ಇಷ್ಟು ದಿನ ಹಾಲು ಎರೆದದ್ದು ಯಾರಿಗೆ?"

"ನಿಮಗೇ ಅತ್ತೆ."

"ಸತ್ತವರಿಗೆ ಇಡುವ ಕಲ್ಲನ್ನು ನನಗೆ ಇಟ್ಟೆಯಾ? ಅಷ್ಟು ಅವಸರ ಉಂಟಾ ನಿನಗೆ?"

ಅಮ್ಮ ಅತ್ತಳು. ಅಜ್ಜಿ ಎದ್ದು ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ ಬರಲಿಲ್ಲ. ಅಪ್ಪ ಹೋಗಿ ಕರೆದ, ಬರಲಿಲ್ಲ. ನನ್ನನ್ನು ಕಳಿಸಿದರು, ನನ್ನನ್ನೂ ತಿರುಗಿ ನೋಡಲಿಲ್ಲ. ಪಾತ್ರೆಗಳೆಲ್ಲ ರಟ್ಟಿನ ಪೆಟ್ಟಿಗೆಗೆ ಹೋಗಿದ್ದರಿಂದ ನಾವು ಮೂವರು ಬಾಳೆಲೆಯಲ್ಲಿ ಅನ್ನ, ಮೊಸರು ಹಾಕಿಕೊಂಡು ಕೂತೆವು.

ಬಿಸಿಲು ಬಾಗಿದ ಮೇಲೆ ಹಿತ್ತಲಿನಿಂದ ಅಜ್ಜಿಯ ಸ್ವರ ಕೇಳಿತು. ಯಾವಾಗ ಎದ್ದುಹೋಗಿದ್ದಳೋ, ಕಲ್ಲಿನ ಎದುರು ಕಾಲು ಚಾಚಿ ಕೂತಿದ್ದಳು.

"ಸುಮತಿ, ಬಾ ಇಲ್ಲಿ. ಇದರಲ್ಲಿ ನನ್ನ ಅಮ್ಮನ ಮನೆ ಯಾವುದು?"

ಅಮ್ಮ ಅಜ್ಜಿಯ ತೋರುಬೆರಳು ಹಿಡಿದು ಗೆರೆಯ ಮೊದಲಿಗೆ ಇಟ್ಟಳು. ಅಲ್ಲಿಂದ ಬೆರಳು ಮೆಲ್ಲಗೆ ಸಾಗಿತು. ಇದು ಹೊಳೆ, ಇದು ದಡ, ಇಲ್ಲಿ ನಿಮ್ಮ ಮದುವೆ. ಅರಿಶಿನ ಮೆತ್ತಿಕೊಂಡಿದ್ದ ಚುಕ್ಕೆಗಳನ್ನು ಅಜ್ಜಿ ಉಗುರಿನಿಂದ ಕೆರೆದು ನೋಡುತ್ತಿದ್ದಳು. ಅಜ್ಜ ಹೋದ ಗುಳಿಯಲ್ಲಿ ಬೆರಳು ತುಂಬ ಹೊತ್ತು ನಿಂತಿತು. ಆಮೇಲೆ ಅಜ್ಜಿ ತಾನೇ ಬೆರಳನ್ನು ಹಿಂದಕ್ಕೆ ತಂದು, ಹೊಳೆಯ ಪಕ್ಕದಲ್ಲಿ ಕುಟ್ಟಿ ತೋರಿಸಿದಳು.

"ಇದು ಸರಿಯಿಲ್ಲ. ಇಲ್ಲಿ ನಾನು ಹಿಂದೆ ಹೋದದ್ದುಂಟು."

"ಎಲ್ಲಿಗೆ ಅತ್ತೆ?"

"ಅಮ್ಮನ ಮನೆಗೆ. ನಿನ್ನ ಮಾವ ಒಮ್ಮೆ ಕೈ ಎತ್ತಿದರು. ಉಟ್ಟ ಸೀರೆಯಲ್ಲೇ ಹೊರಟೆ, ದೋಣಿ ಹತ್ತಿದೆ. ಮಳೆಗಾಲ ಇಡೀ ಅಲ್ಲೇ ಇದ್ದೆ. ಆಮೇಲೆ ಕರೆಯಲಿಕ್ಕೆ ಬಂದರು. ಸಂಜೆವರೆಗೆ ಅಂಗಳದಲ್ಲೇ ನಿಲ್ಲಿಸಿದೆ. ಇನ್ನು ಹಾಗೆ ಮಾಡುವುದಿಲ್ಲ ಅಂತ ನನ್ನ ಅಪ್ಪನ ಎದುರು ಅವರ ಬಾಯಿಂದ ಬಂದ ಮೇಲೆಯೇ ಚೊಂಬು ನೀರು ಕೊಟ್ಟದ್ದು. ಮತ್ತೆ ಮಾಡಲಿಲ್ಲ ಅನ್ನು."

ಹಿತ್ತಲ ಬಾಗಿಲಿನಲ್ಲಿ ಅಪ್ಪ ಸಾಮಾನು ಕಟ್ಟುವ ಹಗ್ಗ ಹಿಡಿದುಕೊಂಡು ನಿಂತಿದ್ದ. ಅದೆಲ್ಲ ಆತ ಹುಟ್ಟುವುದಕ್ಕಿಂತ ಮೊದಲಿನ ಕ​ಥೆ, ಆತನಿಗೆ ಯಾರೂ ಹೇಳಿರಲಿಲ್ಲ. ಬಂದು ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಅಜ್ಜಿ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಸುತ್ತಿ ಬದಿಗಿಟ್ಟಳು.

"ಈ ಕೊನೆಯಲ್ಲಿ ಯಾಕೆ ನಿಲ್ಲಿಸಿದ್ದಿ?" ಎಂದು ಅಮ್ಮನನ್ನು ಕೇಳಿದಳು.

"ನೀವು ಇನ್ನೂ ಹೋಗುತ್ತಾ ಇದ್ದೀರಲ್ಲ ಅತ್ತೆ. ಮುಚ್ಚುವುದು ಹೇಗೆ?"

ಅಜ್ಜಿ ಮೊಸರನ್ನ ಉಂಟಾ ಎಂದು ಕೇಳಿದಳು.

ನಾಗನ ಲೆಕ್ಕ ಇತ್ಯರ್ಥವಾಗುವುದು ಬಾಕಿಯಿತ್ತು. ಅಜ್ಜಿ ಅದನ್ನು ಅರ್ಧಕ್ಕೆ ಬಿಡುವವಳಲ್ಲ. "ಕಲ್ಲು ಅವನದ್ದಲ್ಲದಿರಬಹುದು. ನಾನು ಕರೆದದ್ದು ಸುಳ್ಳಲ್ಲ. ಕರೆದವರ ಮನೆಗೆ ಬಂದು ಕೂತಿದ್ದರೆ ಹೇಳದೆ ಹೋಗಲಿಕ್ಕುಂಟಾ?" ಎಂದು ಮರುದಿನ ಬೆಳಗ್ಗೆ ಲಾರಿ ಬರುವ ಮೊದಲು ಮಿಂದು ಬಂದಳು. ಚೇಚ್ಚಿಯನ್ನೂ ಕರೆದು ನಿಲ್ಲಿಸಿಕೊಂಡಳು. ಮಂತ್ರವೇನೂ ಇಲ್ಲ. ಕಲ್ಲಿಗಲ್ಲ, ಮರದ ಬುಡಕ್ಕೆ ಹಾಲು, ಸೀಯಾಳ ಎರೆದು ಗಟ್ಟಿಯಾಗಿ ಹೇಳಿದಳು: "ಕಲ್ಲು ನನ್ನದಂತೆ. ಮಗಳ ಹಾಗಿರುವವಳು ನನಗೆ ಮಾಡಿದ್ದಂತೆ. ನಾನು ತೆಗೆದುಕೊಂಡು ಹೋಗುತ್ತೇನೆ. ಮರ ನಿನ್ನದು, ಚೇಚ್ಚಿ ದೀಪ ಇಡುತ್ತಾಳೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ." ಆಮೇಲೆ ಚೇಚ್ಚಿಯ ಕಡೆ ತಿರುಗಿ, ಅಲ್ಲಿದ್ದಷ್ಟು ಕಾಲದಲ್ಲಿ ಮೊದಲ ಸಲ, ಸೊಗಸಾದ ಮಲಯಾಳದಲ್ಲಿ, ಮರವನ್ನು ಮಾತ್ರ ಕಡಿಸಬೇಡ ಎಂದಳು. ಚೇಚ್ಚಿ ಆಶ್ಚರ್ಯದಿಂದ ಬಾಯಿ ತೆರೆದು, ಆಮೇಲೆ ಅವಳನ್ನು ತಬ್ಬಿಕೊಂಡು ಅತ್ತಳು. ಕಲ್ಲನ್ನು ಅಪ್ಪ ಅಮ್ಮ ಇಬ್ಬರೂ ಎತ್ತಿ, ಹಾಸಿಗೆಯ ಸುರುಳಿಗಳ ನಡುವೆ ಲಾರಿಯಲ್ಲಿ ಇಟ್ಟರು.

ತಿರುವನಂತಪುರದಲ್ಲಿ ನಮಗೆ ಸಿಕ್ಕಿದ ಮನೆ ಶ್ರೀಕಾರ್ಯಂ ಎಂಬ ಜಾಗದಲ್ಲಿ, ರಸ್ತೆಗೆ ತಾಗಿಯೇ ಇತ್ತು. ಕಳಕ್ಕೂಟಂ ಕಡೆಗೆ ಹೋಗುವ ಬಸ್ಸುಗಳು ಕಿಟಕಿಯ ಗಾಜು ನಡುಗಿಸಿಕೊಂಡು ಓಡಾಡುತ್ತಿದ್ದವು. ಎದುರಿನ ಜಗಲಿ ಇಲ್ಲಿ ಅಮ್ಮನ ಕೆಲಸದ ಜಾಗವಾಯಿತು. ಪ್ರದರ್ಶನಕ್ಕೆ ಮೊದಲು ಕಲ್ಲನ್ನು ಹೊರಗಿಟ್ಟು ತೊಳೆದಾಗ ಅಜ್ಜಿ ಬಂದು ಚಾಪೆ ಹಾಕಿಕೊಂಡಳು.

"ನಾನು ಹಿಂದೆ ಹೋದದ್ದು ಇನ್ನೂ ಹಾಕಲಿಲ್ಲ ನೀನು."

ಅಮ್ಮ ಉಳಿ ಎತ್ತಿಕೊಂಡಳು. ಅಜ್ಜಿ ಕೈ ಚಾಚಿದಳು.

"ಇಲ್ಲಿ ಕೊಡು. ಅಂದು ನನ್ನ ಜೊತೆ ಯಾರೂ ಬಂದದ್ದಿಲ್ಲ."

ಕಾಯಿ ತುರಿದು, ಅರೆದು, ನೀರು ಸೇದಿ ಗಟ್ಟಿಯಾದ ಕೈ ಅದು. ಆದರೂ ಕಗ್ಗಲ್ಲು ಸುಲಭಕ್ಕೆ ಬಗ್ಗುವುದಿಲ್ಲ. ಉಳಿ ಜಾರುತ್ತಿತ್ತು, ಸುತ್ತಿಗೆ ಹೆಬ್ಬೆರಳಿಗೆ ಬೀಳುತ್ತಿತ್ತು. ಅಮ್ಮ ಹೇಳಿಕೊಡಲು ಹೋದರೆ ಗದರಿಸಿಕೊಂಡಳು. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ರಸ್ತೆಯಲ್ಲಿ ನಿಂತು ಈ ಮುದುಕಿಯನ್ನು ನೋಡಿ ಹೋಗುತ್ತಿದ್ದರು. ಹಲವು ಮಧ್ಯಾಹ್ನಗಳು ಹೀಗೆ ಕೂತು ಅವಳು ಹೊಳೆಯ ಪಕ್ಕದಿಂದ ತವರಿಗೆ ಹಿಂದಿರುಗುವ, ಅಲ್ಲಿಂದ ಮತ್ತೆ ಬರುವ ಒಂದು ಸಣ್ಣ ಸುತ್ತನ್ನು ಕುಟ್ಟಿ ಮುಗಿಸಿದಳು. ಚುಕ್ಕೆಗಳು ಒಂದು ಆಳ, ಒಂದು ಮೇಲೆ, ಸಾಲು ಎಲ್ಲೆಲ್ಲೋ ಹೋಗಿತ್ತು. ಅಮ್ಮ ಅದಕ್ಕೆ ಕೈ ಹಚ್ಚಲಿಲ್ಲ.

ಪ್ರದರ್ಶನ ನಡೆದದ್ದು ಒಂದು ಸಣ್ಣ ಸಭಾಂಗಣದಲ್ಲಿ. ಅಮ್ಮ ಇಸ್ತ್ರಿ ಮಾಡಿದ ಹತ್ತಿಸೀರೆ ಉಟ್ಟು, ಕೈಯಲ್ಲಿ ಏನೂ ಇಲ್ಲದ್ದರಿಂದ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಬಂದವರು ನಿಲ್ಲುತ್ತಿದ್ದರು. ಬೇರೆ ಚಿತ್ರಗಳ ಎದುರು ಹಾದುಹೋದವರು ಸುರುಳಿಯ ಕಲ್ಲಿನ ಎದುರು ನಿಂತು, ತಮಗೆ ಗೊತ್ತಿಲ್ಲದೆಯೇ ಬೆರಳಿನಿಂದ ಗಾಳಿಯಲ್ಲಿ ಆ ಗೆರೆಯನ್ನು ಹಿಂಬಾಲಿಸುತ್ತಿದ್ದರು. ಅಮ್ಮನ ಮುಖ ನೋಡಲು ನನಗೆ ಎರಡು ಕಣ್ಣು ಸಾಲಲಿಲ್ಲ. ಬಿಳಿ ಗಡ್ಡದ, ತಿಳಿದವರಂತೆ ಕಾಣುತ್ತಿದ್ದ ಒಬ್ಬರು ಬಹಳ ಹೊತ್ತು ಬಗ್ಗಿ ನೋಡಿ, ಎದ್ದು ಅಮ್ಮನಿಗೆ ಕೈಮುಗಿದರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು, ಗೆರೆ ಎಲ್ಲ ಕಡೆ ಇಷ್ಟು ಹಿಡಿತದಲ್ಲಿದೆ, ಈ ಒಂದು ಸುತ್ತು ಮಾತ್ರ ಯಾಕೆ ಸೊಟ್ಟ, ಅಲ್ಲಿ ಕೈ ತಪ್ಪಿತೇ ಎಂದು.

"ಅಷ್ಟು ನಾನು ಕೆತ್ತಿದ್ದಲ್ಲ ಸರ್," ಎಂದಳು ಅಮ್ಮ. "ನಡೆದವರೇ ಕೆತ್ತಿದ್ದು."

ಅಜ್ಜಿ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಎಲ್ಲರೂ ತನ್ನ ಕಡೆ ತಿರುಗಿದ್ದನ್ನು ನೋಡಿ ನನ್ನನ್ನು ಹತ್ತಿರ ಕರೆದು ಕೇಳಿದಳು, "ಎಂತ ಹೇಳಿದರು ಅವರು?"

"ಅಲ್ಲಿ ದಾರಿ ಸೊಟ್ಟ ಹೋಗಿದೆಯಂತೆ ಅಜ್ಜಿ."

ಅಜ್ಜಿ ಆ ಗಡ್ಡದವರನ್ನೂ, ಕಲ್ಲನ್ನೂ, ಅದರ ಪಕ್ಕದಲ್ಲಿ ನಿಂತಿದ್ದ ಅಮ್ಮನನ್ನೂ ನೋಡಿದಳು.

"ಹೋದದ್ದು ಹೌದು ಮಗಾ," ಎಂದಳು. "ನೇರ ಹೋಗಿದ್ದರೆ ನಾನು ನಿಮ್ಮಲ್ಲಿಗೆ ಬಂದು ಮುಟ್ಟುವುದುಂಟಾ?"